ಕಚ್ಚುವ ಮರಿ, ಹಿಂದೆ ಸರಿಯುವ ಮನೆಮಂದಿ: ಒಂದು ಮಾರ್ವಾಡಿ ಕುದುರೆಯ ಪ್ರಕರಣ

ಈ ಪ್ರಕರಣದ ಕುದುರೆ ಮಾರ್ವಾಡಿ ತಳಿಯ ಗಂಡು ಮರಿ. ಬಾದಲ್ ಅಂತ ಕರೆಯೋಣ. ಅದರ ಕಚ್ಚುವ ಚಾಳಿ ಬಿಡಿಸಲು ನನ್ನನ್ನು ಕರೆಸಿದಾಗ ಅದಕ್ಕೆ 16 ತಿಂಗಳು ದಾಟಿತ್ತು, ತೂಕ ಸುಮಾರು 250 ಕಿಲೋ. ಜಾಗ ದೊಡ್ಡಬಳ್ಳಾಪುರದ ಕಡೆ ಒಂದು ತೋಟದ ಮನೆ. ಯಜಮಾನರು ಐಟಿ ಕೆಲಸ ಬಿಟ್ಟು ತೋಟಕ್ಕೆ ಬಂದವರು. ಮನೆಯಲ್ಲಿ ಅವರ ತಾಯಿ, ಹೆಂಡತಿ, ಹತ್ತನೇ ಕ್ಲಾಸಿನ ಮಗ. ಕುದುರೆ ನೋಡಿಕೊಳ್ಳಲು ಒಬ್ಬ ಸೈಸ್. ಮನೆಯಾಕೆ ಲಾಯದ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ಕಚ್ಚಿಸಿಕೊಳ್ಳದೆ ಉಳಿದವರು ಅವರೊಬ್ಬರೇ.

ಯಜಮಾನರು ಫೋನಿನಲ್ಲಿ ಹೇಳಿದ್ದು ಇಷ್ಟು: "ಸರ್, ಸಿಟ್ಟಿನ ಕುದುರೆ ಅಲ್ಲ ಇದು. ಪ್ರೀತಿಯಿಂದಾನೇ ಕಚ್ಚುತ್ತೆ. ಆದರೆ ಮೊನ್ನೆ ಮಗನ ತೋಳಿಗೆ ಹಾಕಿಬಿಡ್ತು."

ಮೊಣಕೈ ಮೇಲೆ ಬಾವು ಬಂದು ನೀಲಿಗಟ್ಟಿತ್ತು. ಕುದುರೆಯ ಮುಂಬಲ್ಲು ಸೀಳುವುದಿಲ್ಲ, ಜಜ್ಜುತ್ತದೆ. ಹುಡುಗನಿಗೆ ಒಂದು ಕಡೆ ಚರ್ಮವೂ ಕಿತ್ತಿತ್ತು. ಮನೆಯವರು ಅರಿಶಿನ ಹಚ್ಚಿ ಸುಮ್ಮನಾಗಿದ್ದರು. ಕುದುರೆಯ ವಿಷಯ ಮಾತಾಡುವ ಮುಂಚೆ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದೆ. ರೇಬೀಸ್ ಅಂದರೆ ನಾಯಿ ಮಾತ್ರ ಅಂದುಕೊಳ್ಳುವವರು ಜಾಸ್ತಿ. ಕುದುರೆಗೂ ಅದು ಬರುತ್ತದೆ, ಕುದುರೆಯಿಂದಲೂ ಹರಡಬಹುದು. ಜೊತೆಗೆ ಲಾಯದ ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಚರ್ಮ ಹರಿದರೆ ಹರಿಯುವ ನೀರು, ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಆಮೇಲೆ ಯಾವ ಇಂಜೆಕ್ಷನ್ ಬೇಕು ಅನ್ನುವುದನ್ನು ಡಾಕ್ಟರ್ ಹೇಳುತ್ತಾರೆ. ಅರಿಶಿನ ಅಡುಗೆಮನೆಯಲ್ಲೇ ಇರಲಿ.

ಮೊದಲ ಸಲ ಹೋದಾಗ ನಾನು ಕುದುರೆಯನ್ನು ಮುಟ್ಟಲಿಲ್ಲ. "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ನಾನಿಲ್ಲ ಅಂದುಕೊಳ್ಳಿ" ಅಂತ ಹೇಳಿ ಬೇಲಿಯಾಚೆ ನಿಂತೆ.

ಯಜಮಾನರು ಒಳಗೆ ಹೋದರು. ಬಾದಲ್ ನೇರವಾಗಿ ಬಂದು ಹಣೆಯನ್ನು ಅವರ ಎದೆಗೆ ಒತ್ತಿತು. ಅವರು ನಗುತ್ತಾ ಎರಡೂ ಕೈಯಿಂದ ಅದರ ಹಣೆಯನ್ನು ಹಿಂದಕ್ಕೆ ತಳ್ಳಿದರು. ಅದು ಮತ್ತೆ ಒತ್ತಿತು. ಹೀಗೆ ನಾಲ್ಕೈದು ಸಲ. ಕೊನೆಗೆ ಅವರೇ ಒಂದು ಹೆಜ್ಜೆ ಹಿಂದೆ ಇಟ್ಟರು. ಆಗ ಅಂಗಿಯ ಜೇಬಿಗೆ ಬಾಯಿ ಹೋಯಿತು.

ಸೈಸ್ ಬಂದ. ಬಾಯಿ ಹತ್ತಿರ ಬಂದ ಕೂಡಲೇ ಮೂತಿಗೆ ಫಟಾರನೆ ಒಂದು ಕೊಟ್ಟ. ಬಾದಲ್ ತಲೆ ಎತ್ತಿತು, ಕಿವಿ ಮುಂದೆ ಮಾಡಿತು, ಕ್ಷಣದಲ್ಲಿ ಮತ್ತೆ ಬಂದು ತೋಳನ್ನು ಚಿವುಟಿ ತಲೆ ಹಿಂದಕ್ಕೆಳೆದುಕೊಂಡಿತು. ಅವನ ಎರಡನೇ ಏಟು ಗಾಳಿಗೆ ಬಿತ್ತು. ಮರಿಯ ಮುಖ ನೋಡಿದರೆ ಅದಕ್ಕೆ ಖುಷಿಯೋ ಖುಷಿ.

ಆಮೇಲೆ ಅಜ್ಜಿ. ಸೆರಗಿನ ತುದಿಯಲ್ಲಿ ಬೆಲ್ಲ. ಬೇಲಿಯ ಸಂದಿನಿಂದ ಕೈ ಚಾಚಿ ಒಂದು ಅಚ್ಚು ಕೊಟ್ಟರು, ಇನ್ನೊಂದು ಇಲ್ಲ ಅಂದರು. ಅದು ಸೆರಗು ಹಿಡಿದು ಎಳೆಯಿತು. "ಇರೋ ಇರೋ, ಕೊಡ್ತೀನಿ" ಅಂತ ಇನ್ನೊಂದು ಕೊಟ್ಟರು. ನನ್ನ ಕಡೆ ತಿರುಗಿ, "ಮಗು ಥರ ಕಣಪ್ಪ ಇದು. ನನಗೇನೂ ಮಾಡಲ್ಲ" ಅಂದರು.

ಹುಡುಗ ಹೊಸ ಆಟ ಕಲಿಸಿದ್ದ. ಇವನು ಓಡುವುದು, ಅದು ಅಟ್ಟಿಸಿಕೊಂಡು ಬರುವುದು. ಮೊಬೈಲಿನಲ್ಲಿ ವಿಡಿಯೋ ಕೂಡ ಇತ್ತು. ನಮ್ಮ ಕಣ್ಣಿಗೆ ಮುದ್ದಾದ ಮರಿ. ಆದರೆ ಆ ವಿಡಿಯೋದಲ್ಲಿ ಕುದುರೆ ಎರಡು ಸಲ ಮುಂಗಾಲು ಎತ್ತಿ ನಿಂತಿದೆ, ಹುಡುಗನ ಬೆನ್ನಿನಿಂದ ಒಂದು ಮಾರು ದೂರದಲ್ಲಿ.

ನಾಲ್ಕು ಜನ, ನಾಲ್ಕು ಕಾನೂನು. ಆದರೆ ನಾಲ್ಕರಲ್ಲೂ ಒಂದು ಸಂಗತಿ ಸಮನಾಗಿತ್ತು. ಬಾಯಿ ಯಾವತ್ತೂ ಮೊದಲು ಬರಲಿಲ್ಲ. ಮೊದಲು ಕಾಲು ಬಂತು. ಮರಿ ಒಂದು ಹೆಜ್ಜೆ ಮುಂದೆ ಬಂತು, ಮನುಷ್ಯ ಒಂದು ಹೆಜ್ಜೆ ಹಿಂದೆ ಹೋದ, ಆಮೇಲೆ ಮೂತಿ, ಆಮೇಲೆ ತುಟಿ, ಕೊನೆಗೆ ಹಲ್ಲು. ಮನೆಯವರ ಕಣ್ಣು ಹಲ್ಲಿನ ಮೇಲೆ ಮಾತ್ರ ಇತ್ತು. ಅಷ್ಟು ಹೊತ್ತಿಗೆ ಮುಖ್ಯವಾದದ್ದೆಲ್ಲ ಆಗಿಹೋಗಿರುತ್ತಿತ್ತು. ನನ್ನ ಮಟ್ಟಿಗೆ ಇಡೀ ಪ್ರಕರಣ ಇಲ್ಲೇ ಇದೆ. ಬಾಯಿಗೆ ಮದ್ದು ಹುಡುಕುವ ಬದಲು ಹೆಜ್ಜೆಗೆ ಹುಡುಕಬೇಕು.

ಮರಿ ಹೀಗೆ ಆದದ್ದು ಹೇಗೆ? ಹಿಂದಿನ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಲ್ಲಿ ತಂದದ್ದು. ನಂದುರ್‌ಬಾರ್ ಜಿಲ್ಲೆಯಲ್ಲಿ ತಾಪಿ ನದಿಯ ದಂಡೆಯ ಮೇಲೆ ದತ್ತ ಜಯಂತಿ ಹೊತ್ತಿಗೆ ನಡೆಯುವ ದೊಡ್ಡ ಕುದುರೆ ಜಾತ್ರೆ ಅದು. ಆಗ ಬಾದಲ್‌ಗೆ ಎಂಟೊಂಬತ್ತು ತಿಂಗಳು. ತುದಿ ಸೇರುವ ಕಿವಿ, ಉದ್ದ ಕತ್ತು ನೋಡಿ ಯಜಮಾನರು ಮರುಳಾದರು. ಲಾರಿ ಹತ್ತಿಸಿ ತಂದರು. ಅಲ್ಲಿಂದಾಚೆಗೆ ಅದು ಇನ್ನೊಂದು ಕುದುರೆಯ ಮುಖ ನೋಡಿರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಗಂಡು ಮರಿಗಳು ಬೆಳೆಯುವುದೇ ಕಚ್ಚಾಟದಲ್ಲಿ. ಕತ್ತು ಹಿಡಿಯುವುದು, ಮೊಣಕಾಲು ಚಿವುಟುವುದು, ಎದ್ದು ನಿಂತು ಗುದ್ದಾಡುವುದು, ಎಲ್ಲ ಗಂಡು ಕುದುರೆಯ ಆಟ. ಗುಂಪಿನಲ್ಲಿದ್ದರೆ ಎಷ್ಟು ಗಟ್ಟಿಯಾಗಿ ಕಚ್ಚಿದರೆ ಆಟ ನಿಲ್ಲುತ್ತದೆ, ಯಾರ ಹತ್ತಿರ ಹೋದರೆ ಒದೆ ಬೀಳುತ್ತದೆ ಅನ್ನುವುದನ್ನು ಬೇರೆ ಕುದುರೆಗಳೇ ಕಲಿಸುತ್ತವೆ. ಬಾದಲ್‌ಗೆ ಆ ಶಾಲೆಯೇ ಸಿಗಲಿಲ್ಲ. ಆಟಕ್ಕೆ ಸಿಕ್ಕಿದ್ದು ಮನುಷ್ಯರು. ನಮ್ಮ ಚರ್ಮ ತೆಳು, ನಮ್ಮ ನಡವಳಿಕೆ ಗೊಂದಲ.

ಸೈಸ್ ಕೊಡುತ್ತಿದ್ದ ಏಟು ಯಾಕೆ ನಾಟುತ್ತಿರಲಿಲ್ಲ ಅನ್ನುವುದೂ ಇದರಲ್ಲೇ ಇದೆ. ಎರಡು ಗಂಡು ಮರಿ ಆಡುವಾಗ ಒಂದು ಮೂತಿ ಚಾಚುತ್ತದೆ, ಇನ್ನೊಂದು ತಲೆ ಬೀಸುತ್ತದೆ, ಮೊದಲನೆಯದು ತಪ್ಪಿಸಿಕೊಂಡು ಮತ್ತೆ ಬರುತ್ತದೆ. ಬೀಸುವ ಕೈಯೂ ಅದಕ್ಕೆ ಹಾಗೇ ಕಾಣುತ್ತದೆ. ಇನ್ನೂ ಒಂದು ತೊಂದರೆ ಇದೆ. ಕುದುರೆಗೆ ತನ್ನ ಮೂತಿಯ ಕೆಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಮೀಸೆ ಮತ್ತು ತುಟಿಯಿಂದ ತಡಕಿ ತಿಳಿದುಕೊಳ್ಳುತ್ತದೆ. ಕಾಣದ ಕಡೆಯಿಂದ ದಿನಾ ಏಟು ಬೀಳುತ್ತಿದ್ದರೆ ಕಚ್ಚುವುದು ನಿಲ್ಲುವುದಿಲ್ಲ, ಕಚ್ಚಿ ಬೇಗ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ. ಜೊತೆಗೆ ಯಾರ ಕೈ ಮೇಲೆದ್ದರೂ ತಲೆ ಎತ್ತಿ ಹಾರುವ ಚಾಳಿ ಬರುತ್ತದೆ. ನಾಳೆ ಲಗಾಮು ಹಾಕುವಾಗ ಅದರ ಬೆಲೆ ಗೊತ್ತಾಗುತ್ತದೆ.

ಕೆಲಸ ಶುರು ಮಾಡುವ ಮೊದಲು ಪಶುವೈದ್ಯರನ್ನು ಕರೆಸಿದೆವು. ಬಾಯಾಡಿಸುವ ಕುದುರೆಗೆ ಬಾಯಿ ನೋವೋ ಹೊಟ್ಟೆ ನೋವೋ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಪಾಠ ಹೇಳುವುದು ನ್ಯಾಯ ಅಲ್ಲ. ಮೇಲೆ ಆರು, ಕೆಳಗೆ ಆರು, ಎಲ್ಲ ಹಾಲು ಮುಂಬಲ್ಲು ಸರಿಯಾಗಿ ಬಂದಿದ್ದವು. ಅವು ಬೀಳಲು ಶುರುವಾಗುವುದು ಎರಡೂವರೆ ವರ್ಷಕ್ಕೆ, ಹಾಗಾಗಿ "ಹಲ್ಲು ಬೀಳ್ತಿದೆ, ಅದಕ್ಕೇ ಕಚ್ಚುತ್ತೆ" ಅನ್ನುವ ಯಜಮಾನರ ವಾದ ಅಲ್ಲಿಗೆ ಮುಗಿಯಿತು. ಮೇಲ್ದವಡೆಯ ಒಂದು ಕಡೆ ವುಲ್ಫ್ ಟೂತ್ ಅನ್ನುವ ಪುಟಾಣಿ ಹಲ್ಲು ಸಿಕ್ಕಿತು. ಲಗಾಮು ಹಾಕುವ ಮುಂಚೆ ತೆಗೆದರಾಯಿತು ಅಂದರು ಡಾಕ್ಟರ್.

ಹೊಟ್ಟೆಯ ಕಥೆ ಬೇರೆ. ಮರಿಗೆ ದಿನಕ್ಕೆರಡು ಸಲ ಬೇಯಿಸಿದ ಹುರುಳಿ, ಗೋಧಿ ಬೂಸಾ, ಮೇಲೆ ಬೆಲ್ಲ. ಹುಲ್ಲು ಮಾತ್ರ ಸಂಜೆ ಒಂದು ಕಟ್ಟು. ಮಳೆಗಾಲ, ಬಯಲೆಲ್ಲ ಕೆಸರು ಅಂತ ದಿನದ ಬಹುಪಾಲು ಲಾಯದಲ್ಲೇ ಕಟ್ಟು. ಬಿಟ್ಟರೆ ಕುದುರೆ ದಿನಕ್ಕೆ 14ರಿಂದ 16 ಗಂಟೆ ಮೇಯುತ್ತದೆ. ಅದರ ಹೊಟ್ಟೆಯಲ್ಲಿ ಆಮ್ಲ ಬಿಡುವಿಲ್ಲದೆ ಒಸರುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಹುಲ್ಲು ಅಗಿಯುವಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ಖಾಲಿ ಹೊಟ್ಟೆ, ಜಾಸ್ತಿ ಕಾಳು, ನಾಲ್ಕು ಗೋಡೆ ಸೇರಿದರೆ ಹುಣ್ಣಾಗುವ ಸಾಧ್ಯತೆ ಏರುತ್ತದೆ. ಕ್ಯಾಮೆರಾ ಇಳಿಸಿ ನೋಡದೆ ಹುಣ್ಣು ಇದೆ ಅಂತಲೂ ಇಲ್ಲ ಅಂತಲೂ ಹೇಳಲಾಗದು. ಹೊಟ್ಟೆ ಮುಟ್ಟಿದರೆ ಸಿಡುಕುವುದು, ಮೇವು ಬಿಡುವುದು ಯಾವುದೂ ಇರಲಿಲ್ಲ. ಮೊದಲು ಮೇವು ಬದಲಿಸಿ ನೋಡೋಣ ಅಂತ ತೀರ್ಮಾನವಾಯಿತು.

ನೀರಿನಂಶ ಬಿಟ್ಟು ಒಣ ಲೆಕ್ಕದಲ್ಲಿ ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಹುಲ್ಲು ಬೇಕು. ಈ ಮರಿಗೆ ಅಂದರೆ 4ರಿಂದ 5 ಕಿಲೋ ಒಣಹುಲ್ಲು. ಅದನ್ನು ನಾಲ್ಕು ಪಾಲು ಮಾಡಿ, ಕೊನೆಯ ಪಾಲು ರಾತ್ರಿ ಮಲಗುವ ಮುಂಚೆ ಹಾಕಲು ಹೇಳಿದೆ. ಕುದುರೆ ಮೆಂತ್ಯ ಅಂತಾರಲ್ಲ, ಆ ಲೂಸರ್ನ್ ಸ್ವಲ್ಪ. ಗರಿಕೆ ಎಷ್ಟು ಸಿಕ್ಕರೆ ಅಷ್ಟು. ಹುರುಳಿಯನ್ನು ಒಂದೇ ದಿನ ನಿಲ್ಲಿಸದೆ ನಿಧಾನಕ್ಕೆ ಇಳಿಸಿದೆವು. ಬೇಗ ಮೇವು ಬದಲಿಸಿದರೆ ಕುದುರೆಗೆ ಹೊಟ್ಟೆ ಕಟ್ಟುತ್ತದೆ, ಅದು ಜೀವಕ್ಕೇ ಕುತ್ತು.

ಇನ್ನು ಜೊತೆ. ಯಜಮಾನರು ಒಂದು ಹೆಣ್ಣು ಕುದುರೆ ತರುವ ಯೋಚನೆಯಲ್ಲಿದ್ದರು. ಬೇಡ ಅಂದೆ. ಈ ವಯಸ್ಸಿನ ಗಂಡು ಮರಿ ಗಬ್ಬ ಕಟ್ಟಿಸಬಲ್ಲದು. ಬೆಂಗಳೂರಿನಲ್ಲಿ ರೇಸು ಮುಗಿಸಿದ ಕುದುರೆಗಳಿಗೆ ಮನೆ ಹುಡುಕುವವರು ಇದ್ದೇ ಇರುತ್ತಾರೆ. ಹಾಗೆ ಸಿಕ್ಕಿದ್ದು ಬೀಜ ಒಡೆಸಿದ ಒಂದು ಥರೋಬ್ರೆಡ್, ಹನ್ನೆರಡು ವರ್ಷದ ಕಂದು ಕುದುರೆ. ಗಂಭೀರ ಸ್ವಭಾವ. ಮೊದಲು ನಡುವೆ ಬೇಲಿ ಇಟ್ಟು ಬಿಟ್ಟೆವು. ಮೂಸಿ, ಕಿರುಚಿ, ಕಾಲು ಕುಟ್ಟಿ ಎಲ್ಲ ಆದ ಮೇಲೆ ಬೇಲಿ ತೆಗೆದೆವು.

ಆಮೇಲೆ ನಡೆದದ್ದನ್ನು ನೋಡಲು ಎಲ್ಲರನ್ನೂ ಕರೆದು ನಿಲ್ಲಿಸಿದೆ. ಬಾದಲ್ ತನ್ನ ರೂಢಿಯಂತೆ ನೇರ ನುಗ್ಗಿ ಹಿರಿಯನ ಹೆಗಲಿಗೆ ಬಾಯಿ ಹಾಕಲು ಹೋಯಿತು. ಹಿರಿಯ ಕುದುರೆ ಜಾಗ ಬಿಡಲಿಲ್ಲ. ಕಿವಿ ಹಿಂದಕ್ಕೆ ಮಡಚಿತು, ಕತ್ತು ಚಾಚಿತು. ಮರಿಗೆ ಅರ್ಥವಾಗಲಿಲ್ಲ. ಹಿಂಗಾಲು ಒಂದು ಸ್ವಲ್ಪ ಎತ್ತಿತು. ಆಗಲೂ ಅರ್ಥವಾಗಲಿಲ್ಲ. ಮೂರನೇದು ಒದೆ. ಎದೆಗೆ ತಾಗಿತು, ಜೋರಾಗಿ ಅಲ್ಲ. ಬಾದಲ್ ಹಿಂದೆ ಜಿಗಿದು, ಕತ್ತು ತಗ್ಗಿಸಿ, ಬಾಯಿ ಪಟಪಟ ಬಡಿಯತೊಡಗಿತು. ಎಳೇ ಮರಿಗಳು ದೊಡ್ಡ ಕುದುರೆಗಳ ಮುಂದೆ ಹಾಗೆ ಮಾಡುತ್ತವೆ, ಅದು ಶರಣಾಗತಿ. ಹಿರಿಯ ಆ ಕ್ಷಣವೇ ಕಿವಿ ಸಡಿಲಿಸಿ ಹುಲ್ಲಿಗೆ ಬಾಯಿ ಹಾಕಿತು. ಸಿಟ್ಟನ್ನು ಮುಂದುವರಿಸಲಿಲ್ಲ.

"ನೋಡಿದಿರಾ, ಎಚ್ಚರಿಕೆ ಕೊಟ್ಟೇ ಒದ್ದದ್ದು. ಒದ್ದ ಮೇಲೆ ಮರೆತೂಬಿಟ್ಟಿತು" ಅಂದೆ. ಸೈಸ್ ನಕ್ಕ. "ನಾನು ಒಂದು ಗಂಟೆ ಬೈತಾನೇ ಇರ್ತೀನಿ ಸಾರ್."

ಮನುಷ್ಯರ ಪಾಠ ಇದರ ಮೇಲೆ ನಿಂತಿತು. ತಲೆಗೆ ಹಾಕುವ ಪಟ್ಟಿ, ಅಂದರೆ ಹೆಡ್‌ಕಾಲರ್, ಹನ್ನೆರಡು ಅಡಿಯ ಹಗ್ಗ, ಕೈಗೆ ಒಂದು ಬೆತ್ತ. ಬೆತ್ತ ಹೊಡೆಯುವುದಕ್ಕಲ್ಲ, ತೋಳು ಉದ್ದ ಮಾಡಿಕೊಳ್ಳುವುದಕ್ಕೆ. ನಿಯಮ ಒಂದೇ: ನಾನು ನಿಂತಿರುವಾಗ ಮರಿ ಒಂದು ತೋಳು ಮತ್ತು ಒಂದು ಬೆತ್ತದಷ್ಟು ದೂರ ನಿಲ್ಲಬೇಕು. ಒಂದು ಹೆಜ್ಜೆ ಒಳಗೆ ಇಟ್ಟರೆ ನಾನು ಹಿಂದೆ ಹೋಗುವುದಿಲ್ಲ. ಹಗ್ಗ ಅಲುಗಾಡಿಸುತ್ತೇನೆ. ಕೇಳದಿದ್ದರೆ ಬೆತ್ತದ ತುದಿಯಿಂದ ಎದೆ ಮುಟ್ಟುತ್ತೇನೆ. ಮತ್ತೂ ಕೇಳದಿದ್ದರೆ ಟಕಟಕ ತಟ್ಟುತ್ತೇನೆ. ಒಂದು ಹೆಜ್ಜೆ ಹಿಂದೆ ಸರಿದ ತಕ್ಷಣ ಎಲ್ಲ ನಿಲ್ಲುತ್ತದೆ. ಈ "ತಕ್ಷಣ" ಬಹಳ ಮುಖ್ಯ. ಎರಡು ಸೆಕೆಂಡ್ ತಡವಾದರೆ ಯಾವುದಕ್ಕೆ ಬಿಡುಗಡೆ ಸಿಕ್ಕಿತು ಅಂತ ಕುದುರೆಗೆ ತಿಳಿಯುವುದಿಲ್ಲ. ಮುಖ, ಮೂತಿ, ತಲೆಯ ಹತ್ತಿರ ಕೈಯೂ ಇಲ್ಲ, ಬೆತ್ತವೂ ಇಲ್ಲ. ಮೂತಿಗೆ ಚೈನು ಸುತ್ತುವ ಪದ್ಧತಿ ಕೆಲವು ಕಡೆ ಇದೆ. ಎಳೆಯ ಮರಿಗೆ ಅದು ನನಗೆ ಒಪ್ಪಿಗೆಯಿಲ್ಲ.

ಹತ್ತು ನಿಮಿಷಕ್ಕಿಂತ ಜಾಸ್ತಿ ಪಾಠ ಬೇಡ ಅಂದಿದ್ದೆ. ಈ ವಯಸ್ಸಿನ ಮರಿಗೆ ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಕಡೆ ಗಮನ ನಿಲ್ಲುವುದಿಲ್ಲ, ಬೇಜಾರಾದರೆ ಹಗ್ಗ ಕಚ್ಚುತ್ತದೆ. ಹಗ್ಗ ಕಚ್ಚಿದರೆ ಕಿತ್ತುಕೊಳ್ಳಬಾರದು, ಅದೂ ಆಟವೇ. ಸುಮ್ನೆ ನಾಲ್ಕು ಹೆಜ್ಜೆ ನಡೆಸಬೇಕು. ಕಾಲಿಗೆ ಕೆಲಸ ಕೊಟ್ಟರೆ ಬಾಯಿ ಬಿಡುತ್ತದೆ.

ಸೈಸ್ ಮೂರೇ ದಿನದಲ್ಲಿ ನನಗಿಂತ ಚೆನ್ನಾಗಿ ಮಾಡತೊಡಗಿದ. ಯಜಮಾನರಿಗೆ ಕಷ್ಟವಾಯಿತು. ಹಣೆ ಒತ್ತುವುದು ಪ್ರೀತಿ ಅಂತ ಅವರು ನಂಬಿದ್ದರು. "ಹತ್ತಿರವೇ ಬರಬಾರದು ಅಂದರೆ ಕುದುರೆ ಯಾಕೆ ಸಾಕಬೇಕು?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರು ಹತ್ತಿರ ಹೋಗಬಹುದು, ಅದು ನುಗ್ಗಿ ಬರಬಾರದು, ವ್ಯತ್ಯಾಸ ಇಷ್ಟೇ. ಮರಿ ದೂರ ನಿಂತ ಮೇಲೆ ಅವರೇ ಭುಜದ ಪಕ್ಕಕ್ಕೆ ಹೋಗಿ ಜೂಲಿನ ಬುಡದಲ್ಲಿ, ಹೆಗಲ ಮೇಲೆ ಕೆರೆಯಬೇಕು. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆ ಜಾಗದಲ್ಲಿ ಕೆರೆದರೆ ಎದೆಬಡಿತ ಇಳಿಯುವುದು ಕಂಡುಬಂದಿತ್ತು. ಆದರೆ ಒಂದು ತೊಡಕಿದೆ. ಹಿತವಾದ ಮರಿ ತಿರುಗಿ ನಿಮ್ಮ ಬೆನ್ನನ್ನೂ ಹಲ್ಲಿನಿಂದ ಕೆರೆಯಲು ಬರುತ್ತದೆ. ಅದು ಉಪಕಾರ ತೀರಿಸುವುದು, ಬಯ್ಯಬಾರದು. ತಲೆ ತಿರುಗಿದ ಕೂಡಲೇ ಕೆರೆಯುವುದು ನಿಲ್ಲಿಸಿ, ನೇರವಾದ ಮೇಲೆ ಮತ್ತೆ ಶುರು ಮಾಡಿದರೆ ಸಾಕು. ಯಜಮಾನರಿಗೆ ಇದು ಹಿಡಿಸಿತು.

ಅಜ್ಜಿಯ ಬೆಲ್ಲ ನಿಲ್ಲಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಿಲ್ಲಿಸಲೇಬೇಕು ಅಂತ ನಾನೂ ಹೇಳಲಿಲ್ಲ. ಕೈಯಿಂದ ತಿನ್ನಿಸಿದ ಕುದುರೆಯೆಲ್ಲ ಕೆಡುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಲೆ ಆಚೆ ತಿರುಗಿಸಿ ನಿಂತಾಗ ಮಾತ್ರ ಕೊಡುವ ಶಿಸ್ತಿದ್ದರೆ ತಿಂಡಿಯಿಂದಲೇ ಎಷ್ಟೋ ಕಲಿಸಬಹುದು. ಆದರೆ ಆ ಶಿಸ್ತು ನಾಲ್ಕು ಜನರಿಗೂ ಇರಬೇಕಲ್ಲ. ಅದಕ್ಕೆ ಬೇಲಿಗೆ ಒಂದು ಬಕೆಟ್ ಕಟ್ಟಿದೆವು. "ಅಜ್ಜಿ, ಬೆಲ್ಲ ನೀವೇ ಕೊಡಿ. ಆದರೆ ಅದು ಹಿಂದೆ ನಿಂತ ಮೇಲೆ ಬಕೆಟ್‌ಗೆ ಹಾಕಿ" ಅಂದೆ. ಅವರಿಗೆ ಮನಸ್ಸಿರಲಿಲ್ಲ. ಆದರೂ ಬಕೆಟ್ ಹತ್ತಿರ ಬಂದು "ಹಿಂದೆ ಹೋಗೋ" ಅಂತ ಒಂದು ಗದರು ಹಾಕಿದರು. ಬಾದಲ್ ಎರಡು ಹೆಜ್ಜೆ ಹಿಂದೆ ಹೋಯಿತು. ಅಜ್ಜಿಯ ಮುಖ ಅರಳಿತು. ಆಮೇಲೆ ನಿಯಮ ಮುರಿದವರನ್ನು ಹಿಡಿದು ಬಯ್ಯುವ ಕೆಲಸವೂ ಅವರದೇ ಆಯಿತು.

ಮೊದಲ ವಾರದ ಕೊನೆಗೆ ಸೈಸ್ ಫೋನ್ ಮಾಡಿದ. "ಸಾರ್, ಕಮ್ಮಿ ಆಗೋದಿರಲಿ, ಜಾಸ್ತಿ ಆಗಿದೆ. ಲುಂಗಿ ಹಿಡಿದು ಎಳೀತು. ಬಕೆಟ್ ಒಡೆದು ಹಾಕ್ತು." ಇದು ನಿರೀಕ್ಷಿಸಿದ್ದೇ. ಇಷ್ಟು ದಿನ ಕೆಲಸ ಮಾಡುತ್ತಿದ್ದ ಉಪಾಯ ಇದ್ದಕ್ಕಿದ್ದಂತೆ ಕೈಕೊಟ್ಟರೆ ಯಾವ ಪ್ರಾಣಿಯೂ ಬಿಡುವ ಮುಂಚೆ ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಹೆಚ್ಚಿನ ಮನೆಗಳಲ್ಲಿ ಸೋಲುವುದು ಈ ಹಂತದಲ್ಲೇ. ಜೋರಾಗಿ ಕಚ್ಚಿದಾಗ ಹಿಂದೆ ಸರಿದುಬಿಟ್ಟರೆ, ಜೋರಾಗಿ ಕಚ್ಚಬೇಕು ಅಂತ ಕಲಿಸಿದಂತೆ. ಆ ವಾರ ಪೂರ್ತಿ ಬೇಲಿಯಾಚೆಯಿಂದಲೇ ಮೇವು ಹಾಕಿ, ಒಳಗೆ ಹೋಗುವುದು ಸೈಸ್ ಒಬ್ಬನೇ ಅಂತ ಮಾಡಿದೆವು. ಹುಡುಗನಿಗೆ ಲಾಯದೊಳಗೆ ಪ್ರವೇಶವೇ ಇಲ್ಲ. ಅವನು ಮುಖ ಊದಿಸಿಕೊಂಡ. ಓಡುವ ಆಟ ಮತ್ತೆ ಯಾವತ್ತೂ ಇಲ್ಲ ಅನ್ನುವುದನ್ನು ಅವನ ಅಪ್ಪ ಖಡಾಖಂಡಿತವಾಗಿ ಹೇಳಿದರು.

ಮೂರನೇ ವಾರದ ಹೊತ್ತಿಗೆ ಹಿಡಿತ ಬಂತು. ಸೈಸ್ ಬಾಗಿಲ ಚಿಲಕ ತೆಗೆದರೆ ಮರಿ ತಾನೇ ಹಿಂದೆ ಸರಿದು ನಿಲ್ಲುತ್ತಿತ್ತು. ಬಾಯಿಯ ಬಗ್ಗೆ ನಾವು ಬೇರೆ ಏನೂ ಮಾಡಿರಲಿಲ್ಲ. ದೂರ ನಿಂತ ಕುದುರೆ ಕಚ್ಚುವುದಾದರೂ ಯಾರನ್ನು? ಹಗಲೆಲ್ಲ ಹಿರಿಯನ ಜೊತೆ ಬಯಲಿನಲ್ಲಿ ಕತ್ತು ಕಚ್ಚಾಡಿ, ಸಂಜೆ ದಣಿದು ಬರುತ್ತಿತ್ತು ಅನ್ನುವುದನ್ನೂ ಮರೆಯಬಾರದು. ಪಾಠದಿಂದ ಎಷ್ಟು, ಹುಲ್ಲಿನಿಂದ ಎಷ್ಟು, ಹಿರಿಯ ಕುದುರೆಯಿಂದ ಎಷ್ಟು ಅಂತ ಬಿಡಿಸಿ ಹೇಳಲಾಗದು. ಒಂದನ್ನೇ ಆರಿಸಿಕೋ ಅಂದರೆ ನಾನು ಹಿರಿಯ ಕುದುರೆಯನ್ನು ಆರಿಸಿಕೊಳ್ಳುತ್ತೇನೆ.

ಆಮೇಲೆ ಆಯುಧಪೂಜೆ ಬಂತು. ಟ್ರ್ಯಾಕ್ಟರ್, ಬೈಕು, ಪಂಪ್‌ಸೆಟ್ ಜೊತೆ ಬಾದಲ್‌ಗೂ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದರು. ಹಾರವನ್ನು ಅದು ತಿಂದುಹಾಕಿತು, ಅದು ಬಿಡಿ. ಬಂದ ನೆಂಟರೆಲ್ಲ ಬಾಳೆಹಣ್ಣು, ಕಬ್ಬು, ಮೈಸೂರುಪಾಕು ಅಂತ ಕೈಯಿಂದ ತಿನ್ನಿಸಿದರು. ಮಾರನೇ ದಿನ ಬೆಳಗ್ಗೆ ಸೈಸ್‌ನ ಜೇಬಿಗೆ ಬಾಯಿ ಬಂತು. ನೂರು ಸಲ ಇಲ್ಲ ಅಂದು ಒಂದು ಸಲ ಹೂಂ ಅಂದರೆ ಆ ಅಭ್ಯಾಸ ಲಾಟರಿ ಚಟದ ಹಾಗೆ ಗಟ್ಟಿಯಾಗುತ್ತದೆ, ಯಾವ ಸಲ ಹೊಡೆಯುತ್ತದೋ ಅಂತ ಪ್ರಯತ್ನ ನಿಲ್ಲುವುದೇ ಇಲ್ಲ. ಮತ್ತೆ ಮೊದಲಿನಿಂದ ಶುರು. ಈ ಸಲ ಬೇಗ ದಾರಿಗೆ ಬಂತು. ಬೇಲಿಯ ಮೇಲೆ ಹುಡುಗನೇ ಒಂದು ಬೋರ್ಡು ಬರೆದು ತೂಗುಹಾಕಿದ: "ಕುದುರೆ ಕಚ್ಚುತ್ತದೆ. ತಿಂಡಿ ಬಕೆಟ್‌ಗೆ ಹಾಕಿ."

ಬೀಜ ಒಡೆಸುವ ಮಾತು ಎತ್ತಿದಾಗ ಮನೆಯಲ್ಲಿ ಬಿಸಿ ಚರ್ಚೆಯಾಯಿತು. ಮಾರ್ವಾಡಿ ಗಂಡು ಅಂದರೆ ಅದರ ಗತ್ತೇ ಗತ್ತು, ಒಡೆಸಿದರೆ ಏನು ಉಳಿಯುತ್ತದೆ ಅನ್ನುವುದು ಯಜಮಾನರ ವಾದ. ಮುಂದೆ ತಳಿಗೆ ಬಿಡಬಹುದು ಅನ್ನುವ ಆಸೆಯೂ ಇತ್ತು. ಬೀಜದ ಕುದುರೆ ಸಾಕಲು ಗಟ್ಟಿ ಬೇಲಿ, ಅನುಭವದ ಕೈ, ಬೇರೆ ಲಾಯ ಬೇಕು. ಶಾಲೆಗೆ ಹೋಗುವ ಹುಡುಗ, ವಯಸ್ಸಾದ ಅಜ್ಜಿ ಓಡಾಡುವ ತೋಟದಲ್ಲಿ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ, ಅದನ್ನು ನೇರವಾಗಿಯೇ ಹೇಳಿದೆ. ಡಾಕ್ಟರ್ ಕೂಡ ಅದನ್ನೇ ಅಂದರು. ಚಳಿಗಾಲದಲ್ಲಿ, ನೊಣ ಕಮ್ಮಿ ಇರುವಾಗ ಮಾಡಿಸಿದರು. ಇದರಿಂದ ಕಲಿತ ಚಾಳಿ ಅಳಿಯುವುದಿಲ್ಲ ಅನ್ನುವುದನ್ನು ಮೊದಲೇ ತಿಳಿಸಿದ್ದೆ. ಹಾರ್ಮೋನು ಇಳಿಯುವುದಕ್ಕೂ ವಾರಗಳು ಬೇಕು. ಆದರೆ ಮುಂಗಾಲು ಎತ್ತುವುದು, ದಾರಿಯಲ್ಲಿ ಹೋಗುವ ಕತ್ತೆಗಳನ್ನು ನೋಡಿ ಕಿರುಚಾಡುವುದು ಬೇಸಿಗೆ ಹೊತ್ತಿಗೆ ಕಮ್ಮಿಯಾಯಿತು.

ಬಾದಲ್‌ಗೆ ಈಗ ಎರಡು ವರ್ಷ ದಾಟಿದೆ. ಜೀನು ಹಾಕುವುದಕ್ಕೆ ಇನ್ನೂ ಸಮಯವಿದೆ. ಬಾಯಾಟ ಪೂರ್ತಿ ಹೋಗಿಲ್ಲ. ಗೊರಸು ಕತ್ತರಿಸುವವರು ಬಂದು ಮುಂಗಾಲು ಎತ್ತಿಕೊಂಡರೆ, ಬಗ್ಗಿದ ಬೆನ್ನು ಅದಕ್ಕೆ ತಡೆಯಲಾಗದ ಆಸೆ. ಆಗ ಸೈಸ್ ತಲೆಯ ಪಕ್ಕ ನಿಂತು ಹಗ್ಗ ಹಿಡಿದಿರಲೇಬೇಕು. ಹೊಸಬರು ಬಂದರೆ ಒಂದು ಹೆಜ್ಜೆ ಮುಂದಿಟ್ಟು ಪರೀಕ್ಷೆ ಮಾಡುತ್ತದೆ. ಅವರು ಅಲುಗಾಡದಿದ್ದರೆ ಹಿಂದೆ ಹೋಗುತ್ತದೆ. ಹುಡುಗನಿಗೆ ಈಗ ಒಳಗೆ ಹೋಗಲು ಅನುಮತಿ ಇದೆ, ಸೈಸ್ ಜೊತೆಯಲ್ಲಿದ್ದರೆ ಮಾತ್ರ. ವುಲ್ಫ್ ಟೂತ್ ತೆಗೆಸುವುದು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.